ಹಿಮದಡಿಯ ಹದಿನೈದು ನಿಮಿಷ

ರಾಜಾಜಿನಗರದಲ್ಲೋ ಕೆಂಗೇರಿಯಲ್ಲೋ ವಾಸಿಸುವ ನಮಗೆ ಹಿಮವೆಂದರೆ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟುವ ಬಿಳಿಯ ಪದರವಷ್ಟೆ. ಆದರೂ ಪರೀಕ್ಷೆ ಮುಗಿದೊಡನೆ ಬೆನ್ನಿಗೆ ಚೀಲ ಏರಿಸಿ ಹಿಮಾಲಯಕ್ಕೆ ಹೊರಡುವವರು ನಿಮ್ಮಲ್ಲಿ ಇದ್ದೀರಿ. ಹಾಗಾಗಿ ಈ ಚರಿತ್ರೆ ನಿಮಗೂ ಬೇಕು.

2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮದ ಗೋಡೆ ಕುಸಿಯಿತು. ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಹೂತುಹೋದರು. ಅವರಲ್ಲಿ ಮೂವರು ಕರ್ನಾಟಕದವರು. ಆರನೆಯ ದಿನ, ಸುಮಾರು 25 ಅಡಿ ಕೆಳಗೆ, ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತವಾಗಿ ಸಿಕ್ಕಿದರು. ನಾಡೇ ಪ್ರಾರ್ಥಿಸಿತು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು.

ಈ ಘಟನೆಯಿಂದ ನಮ್ಮಲ್ಲಿ ಒಂದು ತಪ್ಪು ತಿಳಿವಳಿಕೆ ಉಳಿದುಬಿಟ್ಟಿತು: ಗಟ್ಟಿಜೀವ ಹಿಮದಡಿಯಲ್ಲಿ ದಿನಗಟ್ಟಲೆ ತಡೆಯುತ್ತದೆ ಎಂದು. ಅವರು ಇದ್ದದ್ದು ಗುಡಾರದೊಳಗೆ. ಅಲ್ಲಿ ಸ್ವಲ್ಪ ಗಾಳಿ ಉಳಿದಿದ್ದಿರಬೇಕು. ಬಯಲಿನಲ್ಲಿ ಸಿಕ್ಕಿಕೊಂಡವರಿಗೆ ಆ ಅವಕಾಶವಿಲ್ಲ. ಉಸಿರಿನ ತೇವ ಮುಖದ ಮುಂದೆ ಮಂಜುಗಡ್ಡೆಯಾಗಿ ಕಟ್ಟುತ್ತದೆ, ಬಿಟ್ಟ ಇಂಗಾಲದ ಡೈ ಆಕ್ಸೈಡನ್ನೇ ಮತ್ತೆ ಎಳೆದುಕೊಳ್ಳಬೇಕಾಗುತ್ತದೆ. 1994ರಲ್ಲಿ ಪ್ರಕಟವಾದ ಸ್ವಿಟ್ಜರ್ಲೆಂಡಿನ ಲೆಕ್ಕ ನೋಡಿ: 15 ನಿಮಿಷದೊಳಗೆ ತೆಗೆದರೆ ನೂರಕ್ಕೆ 92 ಮಂದಿ ಬದುಕುತ್ತಾರೆ, 35 ನಿಮಿಷವಾದರೆ 30 ಮಂದಿ. 2024ರ ಅಧ್ಯಯನವಂತೂ ಆ ಹದಿನೈದನ್ನು ಹತ್ತಕ್ಕೆ ಇಳಿಸಿದೆ. ಹೆಲಿಕಾಪ್ಟರ್ ಬರುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಪಕ್ಕದಲ್ಲಿರುವ ಗೆಳೆಯನೇ ಉಳಿಸಬೇಕು.

ಆ ಗೆಳೆಯ ಬೇಗ ಹುಡುಕುವುದು ಹೇಗೆ? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಲ್ಪ್ಸ್‌ನ ಸ್ಕೀಯಿಂಗ್ ಹವ್ಯಾಸಿಗಳು ಸೊಂಟಕ್ಕೆ ಉದ್ದನೆಯ ಕೆಂಪು ದಾರ ಕಟ್ಟಿಕೊಂಡು ಎಳೆದುಕೊಂಡು ಹೋಗುತ್ತಿದ್ದರು. ದಾರದ ತುದಿಯಾದರೂ ಮೇಲೆ ಕಾಣಲಿ ಎಂಬ ಆಸೆ. ಅದೂ ಎಷ್ಟೋ ಸಲ ಹೂತುಹೋಗುತ್ತಿತ್ತು. 1968ರಲ್ಲಿ ಅಮೆರಿಕದ ಜಾನ್ ಲಾಟನ್ ರೇಡಿಯೊದಂಥ ಪುಟ್ಟ ಪೆಟ್ಟಿಗೆ ರೂಪಿಸಿದರು. ಇಂದಿನ ಟ್ರಾನ್ಸೀವರ್ ಅದರ ಮೊಮ್ಮಗ. ಎಲ್ಲರೂ ಅದನ್ನು ಮೈಗೆ ಕಟ್ಟಿಕೊಂಡಿರುತ್ತಾರೆ; ಅದು 457 ಕಿಲೋಹರ್ಟ್ಸ್‌ನಲ್ಲಿ ಸದಾ ಸಂಕೇತ ಕಳಿಸುತ್ತಿರುತ್ತದೆ. ಕುಸಿತದಲ್ಲಿ ಪಾರಾದವರು ತಮ್ಮದನ್ನು ಕೇಳುವ ಕಡೆಗೆ ತಿರುಗಿಸಿ ಹುಡುಕುತ್ತಾರೆ. ಬಳಿಕ ಮಡಚುವ ಉದ್ದ ಸಲಾಕೆಯಿಂದ ಚುಚ್ಚಿ ಜಾಗ ಗುರುತಿಸಬೇಕು, ಸಲಿಕೆಯಿಂದ ಅಗೆಯಬೇಕು. ಕುಸಿದು ನಿಂತ ಹಿಮ ಒಂದು ಘನಮೀಟರಿಗೆ 300 ಕಿಲೋಗ್ರಾಂಗೂ ಹೆಚ್ಚು ತೂಗಬಹುದು. ಬರಿಗೈಯಲ್ಲಿ ಆಗದು.

ಹೂತುಹೋಗದಂತೆಯೇ ಮಾಡಬಹುದೇ? ರವೆಯ ಡಬ್ಬಿಗೆ ಹತ್ತು ಕಡಲೆಕಾಯಿ ಬೀಜ ಹಾಕಿ ಅಲುಗಾಡಿಸಿ. ಬೀಜ ಮೇಲೆ ಬರುತ್ತದೆ. (ಅಮ್ಮನನ್ನು ಕೇಳಿ ಮಾಡಿ!) ಚಲಿಸುವ ಕಣಗಳಲ್ಲಿ ದೊಡ್ಡದು ಮೇಲೇರುವ ಈ ಗುಣವನ್ನೇ 1980ರ ದಶಕದಲ್ಲಿ ಜರ್ಮನಿಯಲ್ಲಿ ಬಂದ ಗಾಳಿಚೀಲ ಬಳಸಿಕೊಂಡಿತು. ಹಿಡಿ ಎಳೆದೊಡನೆ ಬೆನ್ನಿನ ಚೀಲ ಉಬ್ಬಿ, ಮನುಷ್ಯನನ್ನು ದೊಡ್ಡ ಕಣವಾಗಿಸುತ್ತದೆ. ಬಂಡೆಗೆ ಅಪ್ಪಳಿಸಿದರೆ ಮಾತ್ರ ಅದು ಏನೂ ಮಾಡಲಾರದು.

2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಾಂಡಾ ಶಿಖರದ ಬಳಿ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತಂಡ ಹಿಮಕುಸಿತಕ್ಕೆ ಸಿಕ್ಕಿತು. 27 ದೇಹಗಳು ದೊರೆತವು, ಇಬ್ಬರು ಕಾಣೆಯಾದರು. ಆ ತಂಡದಲ್ಲಿ ಕರ್ನಾಟಕದ ತರುಣರೂ ಇದ್ದರು. ಪಾಠ ಕಲಿಯಲೆಂದೇ ಹೋದವರು ಅವರು.

ನೀವು ಹೊರಡುವ ಮುನ್ನ ಸಂಘಟಕರನ್ನು ಕೇಳಿ: ಟ್ರಾನ್ಸೀವರ್, ಸಲಾಕೆ, ಸಲಿಕೆ ಒಬ್ಬೊಬ್ಬರಿಗೂ ಇದೆಯೇ, ಹುಡುಕುವ ಅಭ್ಯಾಸ ಮಾಡಿಸುತ್ತೀರಾ ಎಂದು. ನಿಮ್ಮ ಕಂಪಾಸ್ ಪೆಟ್ಟಿಗೆಯ ಕೋನಮಾಪಕಕ್ಕೆ ದಾರ ಕಟ್ಟಿ, ತುದಿಗೆ ರಬ್ಬರ್ ತೂಗಬಿಡಿ. ಇಳಿಜಾರಿನ ಕೋನ ಅದರಲ್ಲೇ ಅಳೆಯಬಹುದು. ಹೆಚ್ಚಿನ ಕುಸಿತಗಳು ಹೊರಡುವುದು 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ.