ಬೆಂಗಳೂರಿನ ಪಂಕ್ತಿಯಲ್ಲಿ ಜಪಾನಿನ ಎಲೆ

ಒಂದು ಊರಿನ ಚರಿತ್ರೆಯನ್ನು ಅದರ ಶಾಸನಗಳಿಂದ ತಿಳಿಯಬಹುದು. ಕೋಟೆ ಕೊತ್ತಳ, ಕೆರೆ ಕಟ್ಟೆಗಳಿಂದಲೂ ತಿಳಿಯಬಹುದು. ಆ ಊರಿಗೆ ಬಂದವನಿಗೆ ಹಸಿವಾದಾಗ ಏನು ದೊರೆಯುತ್ತದೆ, ಎಲ್ಲಿ ದೊರೆಯುತ್ತದೆ, ಯಾರ ಕೈಯಡುಗೆ ದೊರೆಯುತ್ತದೆ ಎಂಬುದರಿಂದ ತಿಳಿಯುವ ಚರಿತ್ರೆಯೂ ಒಂದುಂಟು. ಶಾಸನವು ಆಳಿದವರ ಹೆಸರನ್ನು ಹೇಳಿದರೆ, ಊಟದ ಮನೆಯ ಫಲಕವು ಬಂದು ನೆಲೆಸಿದವರ ಗುರುತನ್ನು ಹೇಳುತ್ತದೆ. ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರಗಳ ಹೊಸ ಪೀಳಿಗೆಯವರು ಈಗ ಒಂದು ಪ್ರಶ್ನೆಯನ್ನು ಕೇಳುತ್ತಾರೆ: "ನಮ್ಮ ಕಡೆ ಒಳ್ಳೆಯ ಸುಶಿ ಎಲ್ಲಿ ಸಿಗುತ್ತದೆ?" ಹಿರಿಯರಿಗೆ ಇದು ನಾಲಗೆಯ ಚಪಲದ ಮಾತಾಗಿ ಕೇಳಿಸಬಹುದು. ಆದರೆ ಈ ಪ್ರಶ್ನೆಯ ಬೇರು ಆಳವಾದದ್ದು. ಬೆಂಗಳೂರಿಗೂ ಜಪಾನಿಗೂ ನೂರಿಪ್ಪತ್ತು ವರ್ಷಗಳಿಗೂ ಮೀರಿದ ನಂಟಿದ್ದರೂ ಆ ನಾಡಿನ ಊಟ ನಮ್ಮಲ್ಲಿಗೆ ಏಕೆ ಇಷ್ಟು ತಡವಾಗಿ ಬಂದಿತು, ಬಂದದ್ದು ನಗರದ ನಡುಭಾಗದಲ್ಲಿಯೇ ಏಕೆ ನಿಂತಿತು ಎಂಬ ವಿಚಾರವನ್ನು ಅದು ಎತ್ತುತ್ತದೆ.

ಮೊದಲು ಪದಾರ್ಥದ ಪರಿಚಯವನ್ನು ಮಾಡಿಕೊಳ್ಳೋಣ. ಸುಶಿ ಎಂದರೆ ಹಸಿ ಮೀನು ಎಂಬ ಭಾವನೆ ನಮ್ಮಲ್ಲಿ ವ್ಯಾಪಕವಾಗಿದೆ. ಅದು ಸರಿಯಲ್ಲ. ಆ ಹೆಸರಿನ ಮೂಲದಲ್ಲಿರುವುದು 'ಹುಳಿ' ಎಂಬ ಅರ್ಥ. ಸುಶಿಯ ಜೀವಾಳ ಮೀನಲ್ಲ, ಹುಳಿಗೂಡಿದ ಅನ್ನ. ಕನ್ನಡ ಬಲ್ಲವರಿಗೆ ಇದು ಒಗಟೇನೂ ಅಲ್ಲ. ಪುಳಿ ಎಂದರೆ ಹುಳಿ, ಓಗರ ಎಂದರೆ ಅನ್ನ. ನಮ್ಮ ಪುಳಿಯೋಗರೆಯ ಅರ್ಥವೂ ಅದೇ ತಾನೆ? ನಾವು ಹುಣಿಸೆಹಣ್ಣಿನಿಂದ ಪಡೆದ ಹುಳಿಯನ್ನು ಅವರು ಮೊದಲು ಹುದುಗಿನಿಂದಲೂ ಅನಂತರ ವಿನಿಗರಿನಿಂದಲೂ ಪಡೆದರು. ಪ್ರಾಚೀನ ಜಪಾನಿನಲ್ಲಿ ಉಪ್ಪಿನಲ್ಲಿಟ್ಟ ಮೀನನ್ನು ಅನ್ನದ ನಡುವೆ ಒತ್ತಿ ತಿಂಗಳುಗಟ್ಟಲೆ ಹುದುಗಿಸುತ್ತಿದ್ದರು. ಮೀನನ್ನು ತಿಂದು ಅನ್ನವನ್ನು ಬಿಟ್ಟುಬಿಡುತ್ತಿದ್ದರು. ಬೀವಾ ಸರೋವರದ ತೀರದಲ್ಲಿ 'ಫುನಾಜುಶಿ' ಎಂಬ ಹೆಸರಿನಲ್ಲಿ ಈ ಪದ್ಧತಿ ಇಂದಿಗೂ ಉಳಿದಿದೆ. ಎಂಟನೆಯ ಶತಮಾನದ ಯೋರೋ ಸಂಹಿತೆಯಲ್ಲಿ ಪ್ರಜೆಗಳು ತೆರಿಗೆಯಾಗಿ ಸಲ್ಲಿಸಬಹುದಾದ ವಸ್ತುಗಳ ಸಾಲಿನಲ್ಲಿ ಸುಶಿಯೂ ಸೇರಿದೆ.

ಅದೇ ಶತಮಾನದಲ್ಲಿ, 752ರಲ್ಲಿ, ನಾರಾ ನಗರದ ತೋದಾಯ್‌ಜಿ ದೇವಾಲಯದ ಮಹಾಬುದ್ಧನ ವಿಗ್ರಹಕ್ಕೆ ಕಣ್ಣು ಬರೆಯುವ ವಿಧಿಯನ್ನು ನಡೆಸಿದವನು ಭಾರತದಿಂದ ಹೋಗಿದ್ದ ಬೋಧಿಸೇನನೆಂಬ ಭಿಕ್ಷು. ಸರಿಸುಮಾರು ಅದೇ ಕಾಲದಲ್ಲಿ, ಗಂಗರ ಶ್ರೀಪುರುಷನ ಆಳ್ವಿಕೆಯಲ್ಲಿ, ಕಿತ್ತಯ್ಯನೆಂಬ ವೀರನೊಬ್ಬನು ಹೋರಾಡಿ ಮಡಿದುದಕ್ಕೆ ಹೆಬ್ಬಾಳದಲ್ಲಿ ಕಲ್ಲು ನಿಲ್ಲಿಸಿದರು. 2018ರಲ್ಲಿ ಬೆಳಕಿಗೆ ಬಂದ ಆ ವೀರಗಲ್ಲಿನಲ್ಲಿ ಆ ಸೀಮೆಯ ಹೆಸರು ಪೆರ್ಬ್ಬೊಳಲ್ ನಾಡು ಎಂದಿದೆ. ಹೆಬ್ಬಾಳಕ್ಕೆ ಸುಶಿ ಹೊಸದಿರಬಹುದು. ದಾಖಲೆಯ ಮಟ್ಟಿಗೆ ಇಬ್ಬರೂ ಹೆಚ್ಚುಕಡಮೆ ಸಮವಯಸ್ಕರೇ.

ಇಂದು ನಾವು ಕಾಣುವ ಸುಶಿಯಾದರೋ ಅಷ್ಟು ಹಳೆಯದಲ್ಲ. ಈಗಿನ ಟೋಕಿಯೋ ನಗರವು ಎದೋ ಎಂಬ ಹೆಸರಿನಿಂದ ಕರೆಯಲ್ಪಡುತ್ತಿದ್ದ ಕಾಲದಲ್ಲಿ, 1820ರ ದಶಕದಲ್ಲಿ, ಹುದುಗುವವರೆಗೆ ಕಾಯಲು ಪುರಸೊತ್ತಿಲ್ಲದ ದುಡಿಯುವ ಜನರಿಗಾಗಿ, ವಿನಿಗರು ಬೆರೆಸಿದ ಅನ್ನವನ್ನು ಅಂಗೈಯಲ್ಲಿ ಒತ್ತಿ, ಮೇಲೊಂದು ತುಂಡು ಮೀನನ್ನಿಟ್ಟು ಕೊಡುವ ಪದ್ಧತಿ ಬೆಳೆಯಿತು. ಹನಾಯಾ ಯೋಹೇ ಎಂಬವನ ಹೆಸರು ಅದರೊಡನೆ ಸೇರಿಕೊಂಡಿದೆ. ಅದು ಬೀದಿಯ ಗಾಡಿಯಲ್ಲಿ ನಿಂತು ತಿನ್ನುವ ತಿಂಡಿಯಾಗಿತ್ತು. ಇಂದು ಪಂಚತಾರಾ ಹೋಟೆಲಿನ ಮಂದ ಬೆಳಕಿನಲ್ಲಿ ಸಾವಿರಾರು ರೂಪಾಯಿ ಬೆಲೆಗೆ ಬಡಿಸುವ ಪದಾರ್ಥದ ಹುಟ್ಟು ನಮ್ಮ ಗಾಡಿಯ ದೋಸೆಯ ಹುಟ್ಟಿಗಿಂತ ದೊಡ್ಡ ಮನೆತನದ್ದಲ್ಲ.

ಇನ್ನು ಬೆಂಗಳೂರಿನ ಕಡೆಗೆ ಬರೋಣ. ಜಪಾನಿನ ವಿದ್ಯೆ ಈ ಊರಿಗೆ ಮೊದಲು ಬಂದದ್ದು ರೇಷ್ಮೆಹುಳುವಿನ ಬೆನ್ನೇರಿ. ಜಮ್‌ಸೇಟ್‌ಜಿ ಟಾಟಾ ಅವರು 1893ರಲ್ಲಿ ಜಪಾನನ್ನು ಕಂಡುಬಂದು, ಆ ದಶಕದ ಕೊನೆಯ ಭಾಗದಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಬೆಂಬಲದಿಂದ ಬಸವನಗುಡಿಯ ಬಳಿ ರೇಷ್ಮೆ ಕೃಷಿಕ್ಷೇತ್ರವೊಂದನ್ನು ಸ್ಥಾಪಿಸಿದರು. ಅದನ್ನು ನಡೆಸಲು ಜಪಾನಿನಿಂದ ಓಡ್ಜು ದಂಪತಿಗಳು ಬಂದರು. ಇಂದಿಗೂ ಆ ಪ್ರದೇಶವನ್ನು ಜನ ಟಾಟಾ ಸಿಲ್ಕ್ ಫಾರ್ಮ್ ಎಂದೇ ಕರೆಯುತ್ತಾರೆ. ಅದೇ ಟಾಟಾ ಅವರ ಇನ್ನೊಂದು ಕನಸು, ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ನೆಲದಲ್ಲಿ, ಯಶವಂತಪುರದ ಪಕ್ಕದಲ್ಲಿ 1909ರಲ್ಲಿ ವಿಜ್ಞಾನ ಮಂದಿರವಾಗಿ ನನಸಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನನ್ನು ನೋಡಿ ಬಂದವರು. ಕೈಗಾರಿಕೆ ಮತ್ತು ಶಿಕ್ಷಣದ ವಿಷಯದಲ್ಲಿ ಆ ದೇಶದ ನಿದರ್ಶನವನ್ನು ಅವರು ಮತ್ತೆ ಮತ್ತೆ ನಮ್ಮ ಮುಂದಿಟ್ಟರು.

ಸ್ವಾತಂತ್ರ್ಯಾನಂತರದ ಕಾಲದಲ್ಲಿ ನಂಟು ಇನ್ನೂ ಗಟ್ಟಿಯಾಯಿತು. 1953ರಿಂದ ದೇಶದಾದ್ಯಂತ 'ಜಪಾನೀ ಪದ್ಧತಿಯ ಭತ್ತದ ಬೇಸಾಯ'ದ ಪ್ರಚಾರ ನಡೆಯಿತು. ಎತ್ತರದ ಒಟ್ಲುಪಾತಿ, ಕಡಮೆ ಬೀಜ, ಸಾಲು ನಾಟಿ, ಹೆಚ್ಚು ಗೊಬ್ಬರ ಎಂಬ ಮಾತುಗಳು ಹಳ್ಳಿಗಳನ್ನು ಮುಟ್ಟಿದವು. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆ ಜಾಲಹಳ್ಳಿಯಲ್ಲಿ ಆರಂಭವಾಯಿತು. ಯಶವಂತಪುರದ ಕೂಗಳತೆಯಲ್ಲಿದ್ದ ಆ ಕಾರ್ಖಾನೆಯ ಗಡಿಯಾರಗಳು ಮದುವೆಯ ಉಡುಗೊರೆಯಾಗಿ, ನಿವೃತ್ತಿಯ ಕಾಣಿಕೆಯಾಗಿ ಮನೆಮನೆಯನ್ನು ಸೇರಿದವು. ಗಡಿಯಾರದ ವಿಭಾಗ 2016ರಲ್ಲಿ ಮುಚ್ಚಿತು; ಪೆಟ್ಟಿಗೆಗಳಲ್ಲಿ ಉಳಿದ ಗಡಿಯಾರಗಳು ಕೀಲಿ ಕೊಟ್ಟರೆ ಇಂದಿಗೂ ನಡೆಯುತ್ತವೆ.

ಎಲ್ಲಕ್ಕಿಂತ ಸದ್ದಿಲ್ಲದೆ ಬಂದದ್ದು ಅಕ್ಕಿ. ಜಪಾನಿನ ಗಿಡ್ಡ ಕಾಳಿನ ಭತ್ತವನ್ನೂ ನಮ್ಮ ಕಡೆಯ ಭತ್ತವನ್ನೂ ಕೂಡಿಸಿ ಹೊಸ ತಳಿ ಪಡೆಯುವ ಪ್ರಯತ್ನ 1950ರ ದಶಕದಲ್ಲಿ ಕಟಕದ ಭತ್ತ ಸಂಶೋಧನ ಕೇಂದ್ರವನ್ನು ನಡುವಾಗಿಟ್ಟುಕೊಂಡು ನಡೆಯಿತು. ಅದರ ಫಲಗಳಲ್ಲಿ ಒಂದು ಮಲೇಷಿಯದಲ್ಲಿ 1965ರಲ್ಲಿ ಬಿಡುಗಡೆಯಾದ ಮಸೂರಿ. ಅದರ ಒಂದು ಕಡೆಯ ಪೂರ್ವಜ, ಜಪಾನೀಯರ ಆಳ್ವಿಕೆಯ ಕಾಲದಲ್ಲಿ ತೈವಾನಿನಲ್ಲಿ ಬೆಳೆಸಿದ ಜಪಾನೀ ಕುಲದ ಭತ್ತ. ಆ ಮಸೂರಿಯನ್ನು ಸೋನಾ ಎಂಬ ತಳಿಯೊಡನೆ ಕೂಡಿಸಿದಾಗ ಹುಟ್ಟಿದ್ದೇ ಸೋನಾ ಮಸೂರಿ. ಬೆಂಗಳೂರಿನ ಗೃಹಿಣಿ ದಿನವೂ ಅಳೆದು ಹಾಕುವ ಅಕ್ಕಿಯಲ್ಲಿ ಜಪಾನಿನ ರಕ್ತದ ಒಂದಂಶವಿದೆ. ಸಾರಿಗೆ ಕಲಸಿ ಉಣ್ಣುವವರು ಅದರ ಕುಲಗೋತ್ರವನ್ನು ಕೇಳಲಿಲ್ಲ. ಕೇಳಬೇಕಾದ ಅಗತ್ಯವೂ ಬೀಳಲಿಲ್ಲ.

ಹೀಗೆ ರೇಷ್ಮೆ ಬಂದಿತು, ನಾಟಿಯ ಕ್ರಮ ಬಂದಿತು, ಗಡಿಯಾರ ಬಂದಿತು, ಬೀಜ ಬಂದಿತು. ಊಟ ಮಾತ್ರ ಬರಲಿಲ್ಲ. ಕಾರಣವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ವಿದ್ಯೆಯನ್ನು ಪುಸ್ತಕದಲ್ಲಿ ತರಬಹುದು, ಯಂತ್ರವನ್ನು ಹಡಗಿನಲ್ಲಿ ತರಬಹುದು, ಬೀಜವನ್ನು ಕಿಸೆಯಲ್ಲಿಯೂ ತರಬಹುದು. ಊಟವಾದರೋ ಜನರೊಡನೆಯೇ ಬರಬೇಕು. ಅವರು ಸಂಸಾರ ಹೂಡಿದಾಗಲೇ ಬರಬೇಕು. ಇದು ನಮಗೆ ಸ್ವಂತ ಅನುಭವದಿಂದ ಗೊತ್ತಿರುವ ಸಂಗತಿ. ಮುಂಬಯಿಯ ಮಾಟುಂಗದಲ್ಲಿ 1942ರಲ್ಲಿ ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದಾಗ ಅದು ಮುಂಬಯಿಯ ಶ್ರೀಮಂತರ ಕುತೂಹಲವನ್ನು ತಣಿಸಲು ತೆರೆದುದಲ್ಲ. ಊರು ಬಿಟ್ಟು ಬಂದು ಕೆಲಸಕ್ಕೆ ಸೇರಿದ್ದ ದಕ್ಷಿಣದವರ ಹೊಟ್ಟೆಗಾಗಿ ತೆರೆದುದು. ರುಚಿ ಕೆಡದೆ ಉಳಿದುದೂ ಅದರಿಂದಲೇ. ಸಾರು ಸರಿಯಿಲ್ಲದಿದ್ದರೆ ಹೇಳುವವರು ಎದುರಿಗೇ ಕುಳಿತಿದ್ದರು. ವಿಜಯಪುರ, ಕಲಬುರಗಿಗಳ ಕಡೆಯವರು ಬಂದು ನೆಲೆಸಿದ ಮೇಲೆ ಬೆಂಗಳೂರಿನಲ್ಲಿ ಜೋಳದ ರೊಟ್ಟಿಯ ಖಾನಾವಳಿಗಳು ಎದ್ದುದು ಇದೇ ನ್ಯಾಯದಿಂದ.

ಜಪಾನೀಯರ ವಿಷಯದಲ್ಲಿ ಆ ಗಳಿಗೆ ಕೂಡಿಬಂದುದು 1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಸಂಸ್ಥೆ ಹುಟ್ಟಿ ಬಿಡದಿಯಲ್ಲಿ ಮೋಟಾರು ಕಾರ್ಖಾನೆ ಎದ್ದ ಮೇಲೆ. ಎಂಜಿನಿಯರರು ಬಂದರು, ಅವರ ಹಿಂದೆ ಹೆಂಡತಿ ಮಕ್ಕಳು ಬಂದರು, ಬಿಡಿಭಾಗಗಳನ್ನು ಒದಗಿಸುವ ಕಂಪನಿಗಳವರೂ ಬಂದರು. ಅವರ ಊಟಕ್ಕಾಗಿ ರೆಸಿಡೆನ್ಸಿ ರಸ್ತೆಯ ದೇವತಾ ಪ್ಲಾಜಾದಲ್ಲಿ ಹರಿಮಾ, ಲ್ಯಾವೆಲ್ ರಸ್ತೆಯ ಹೋಟೆಲಿನಲ್ಲಿ ಮತ್ಸುರಿ ಎಂಬಂಥ ಮನೆಗಳು ಹೆಸರಾದವು. ಐಟಿಸಿ ಗಾರ್ಡೇನಿಯಾ ಹೋಟೆಲಿನಲ್ಲಿ ಎದೋ ಎಂಬ ಹಳೆಯ ರಾಜಧಾನಿಯ ಹೆಸರನ್ನೇ ಹೊತ್ತ ಊಟದ ಮನೆಯೂ ತೆರೆಯಿತು. ಇವೆಲ್ಲ ನಗರದ ನಡುಭಾಗಕ್ಕೆ ಸೇರಿದವು. ಉತ್ತರದಲ್ಲಿ 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಅಲ್ಲಿಂದ ಒಂದು ವಿಚಿತ್ರ ಸನ್ನಿವೇಶ ಒದಗಿತು. ಹೊರದೇಶದಿಂದ ವಿಮಾನದಲ್ಲಿ ಬರುವ ಮೀನು ಇಳಿಯುವುದು ಉತ್ತರದಲ್ಲಿ. ಅದು ಯಲಹಂಕವನ್ನೂ ಹೆಬ್ಬಾಳವನ್ನೂ ಹಾದು ನಗರದ ನಡುವಣ ಅಡುಗೆಮನೆಯನ್ನು ಸೇರುತ್ತದೆ. ಅದನ್ನು ತಿನ್ನಬೇಕೆನ್ನುವ ಯಲಹಂಕದವನು 15 ಕಿಲೋಮೀಟರಿಗೂ ಹೆಚ್ಚು ದೂರ ಅದರ ಬೆನ್ನು ಹತ್ತಿ ಹೋಗುತ್ತಾನೆ. ಉತ್ತರದ ಮಾಲುಗಳಲ್ಲಿ, ಹೋಟೆಲುಗಳಲ್ಲಿ ಸುಶಿ ದೊರೆಯದೆಂದಲ್ಲ. ಅಲ್ಲಿ ಅದು ಬಹುಮಟ್ಟಿಗೆ ಚೀನಾ, ಥಾಯ್ ತಿನಿಸುಗಳ ಸಾಲಿನಲ್ಲಿ ಒಂದಾಗಿ ಬರುತ್ತದೆ. ಸರಿಯಿಲ್ಲವೆಂದು ಹೇಳುವವರು ಎದುರಿಗೆ ಕುಳಿತಿರುವುದು ಅಪರೂಪ.

ಹಾಗಾದರೆ ಒಳ್ಳೆಯದನ್ನು ಗುರುತಿಸುವ ಬಗೆ ಹೇಗೆ? ಮೊದಲು ಅನ್ನವನ್ನು ನೋಡಬೇಕು. ಅದು ತಂಗಳ ಹಾಗೆ ತಣ್ಣಗಿರಬಾರದು, ಮೈಯ ಬಿಸಿಯಷ್ಟು ಬೆಚ್ಚಗಿರಬೇಕು. ಕೈಯಲ್ಲಿ ಒಂದಾಗಿ ನಿಂತು ಬಾಯಲ್ಲಿ ಬಿಡಿಬಿಡಿಯಾಗಬೇಕು. ಎರಡನೆಯದು ಮೀನು. ಕಡಲಿನಿಂದ ಬಹುದೂರದ ಊರಿನಲ್ಲಿ 'ಈಗ ತಾನೇ ಹಿಡಿದದ್ದು' ಎಂಬ ಮಾತಿಗೆ ಮರುಳಾಗಬಾರದು. ಹಸಿಯಾಗಿ ತಿನ್ನುವ ಮೀನಿನಲ್ಲಿರಬಹುದಾದ ಹುಳುಗಳನ್ನು ಕೊಲ್ಲಲು ಅದನ್ನು ಶೂನ್ಯಕ್ಕಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗೆ 7 ದಿನ ಹೆಪ್ಪುಗಟ್ಟಿಸಿಡಬೇಕೆಂದು ಅಮೆರಿಕದ ಆಹಾರ ಇಲಾಖೆಯ ಮಾರ್ಗಸೂಚಿ ಹೇಳುತ್ತದೆ. ಶೀತಲದ ಸರಪಳಿ ಎಲ್ಲಿಯೂ ಕಡಿಯದಂತೆ ತಂದ ಮೀನು ಸಂತೆಯ ಹಸಿ ಮೀನಿಗಿಂತ ಮೇಲು. ಮೂರನೆಯದು ಪಟ್ಟಿಯ ಉದ್ದ. ಹತ್ತು ದೇಶದ ಅಡುಗೆಯನ್ನು ಒಂದೇ ಒಲೆಯ ಮೇಲೆ ಮಾಡುವ ಮನೆಗಿಂತ ಹತ್ತೇ ಪದಾರ್ಥವನ್ನು ನಿಷ್ಠೆಯಿಂದ ಮಾಡುವ ಮನೆ ಲೇಸು. ಕಡ್ಡಿಗಳನ್ನು ಹಿಡಿಯಲು ಬಾರದೆಂದು ಯಾರೂ ನಾಚಬೇಕಾಗಿಲ್ಲ. ಒತ್ತಿದ ಸುಶಿಯನ್ನು ಕೈಯಿಂದ ತಿನ್ನುವುದು ಜಪಾನಿನಲ್ಲಿಯೂ ಶಿಷ್ಟಾಚಾರಕ್ಕೆ ವಿರುದ್ಧವಲ್ಲ.

ಕೇಳುಗರಲ್ಲಿ ಅನೇಕರು ಸಸ್ಯಾಹಾರಿಗಳಿರಬಹುದು. ಅವರಿಗೂ ಆ ಪಂಕ್ತಿಯಲ್ಲಿ ಸ್ಥಳವುಂಟು. ಸೌತೆಕಾಯಿಯ ಸುರುಳಿ, ಹುರಿದ ಸೋಯಾ ಗಿಣ್ಣಿನ ಚೀಲದಲ್ಲಿ ಅನ್ನ ತುಂಬಿದ ಇನಾರಿ, 'ಕನ್‌ಪ್ಯೋ' ಎಂಬ ಸುರುಳಿ, ಇವು ಅಲ್ಲಿನ ಹಳೆಯ ಬಗೆಗಳು. ಈ ಕನ್‌ಪ್ಯೋ ಬೇರೆ ಯಾವುದೂ ಅಲ್ಲ, ಉದ್ದುದ್ದವಾಗಿ ಹೆರೆದು ಒಣಗಿಸಿದ ಸೋರೆಕಾಯಿಯ ಎಳೆ. ಬೌದ್ಧ ವಿಹಾರಗಳ 'ಶೋಜಿನ್' ಅಡುಗೆಯಂತೂ ಪೂರ್ಣ ಸಸ್ಯಾಹಾರ. ಆದರೆ ಒಂದು ಎಚ್ಚರಿಕೆ: ಜಪಾನೀ ಅಡುಗೆಯ ತಳಹದಿಯಾದ 'ದಾಶಿ' ಎಂಬ ತಿಳಿಸಾರಿನಲ್ಲಿ ಸಾಮಾನ್ಯವಾಗಿ ಒಣಮೀನಿನ ಸತ್ತ್ವವಿರುತ್ತದೆ. ಕಡಲಕಳೆಯಿಂದ ಮಾತ್ರ ಮಾಡಿದ ದಾಶಿಯೂ ಉಂಟು. ಯಾವುದೆಂದು ಕೇಳಿದರೆ ಒಳ್ಳೆಯ ಅಡುಗೆಯವನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಹಾಗೆ ಹೇಳುವುದೂ ಒಳ್ಳೆಯ ಮನೆಯ ಲಕ್ಷಣಗಳಲ್ಲಿ ಒಂದು. ಇತ್ತ ಮೀನಿನ ಹೆಸರಿಗೇ ಮೂಗು ಮುರಿಯುವವರು, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದ ಅನ್ನಭೋಗ ಪ್ರಕರಣದಲ್ಲಿ ಮೀನಿನ ಅಡುಗೆಗೂ ಎಡೆಯಿದೆಯೆಂಬುದನ್ನು ನೆನೆಯಬಹುದು. ಮೂರನೆಯ ಮಂಗರಸನ 'ಸೂಪಶಾಸ್ತ್ರ'ದ ಸಸ್ಯಾಹಾರವೂ ಅದೂ ಒಂದೇ ನಾಡಿನ ಎರಡು ಪಾಕಪರಂಪರೆಗಳು.

ಪರಂಪರೆಯೆಂದರೆ ಬಾಗಿಲು ಮುಚ್ಚಿದ ಮನೆಯೂ ಅಲ್ಲ. ಸುಶಿಯೆಂದೊಡನೆ ಕಣ್ಣಿಗೆ ಕಟ್ಟುವ ಕಿತ್ತಳೆ ಬಣ್ಣದ ಸಾಲ್ಮನ್ ಮೀನನ್ನು ಜಪಾನೀಯರು ಹಿಂದೆ ಹಸಿಯಾಗಿ ತಿನ್ನುವ ರೂಢಿಯಿರಲಿಲ್ಲ. 1980ರ ದಶಕದಲ್ಲಿ ನಾರ್ವೆಯವರು ತಮ್ಮ ಮೀನಿಗೆ ಮಾರುಕಟ್ಟೆಯನ್ನು ಅರಸಿಕೊಂಡು ಹೋದ ಮೇಲೆ ಅದು ಅಲ್ಲಿನ ಎಲೆಯ ಮೇಲೆ ಬಂದು ಕುಳಿತಿತು. ಆದುದರಿಂದ ಬೆಂಗಳೂರಿನ ಸುಶಿ ಟೋಕಿಯೋದ ಸುಶಿಯ ಪಡಿಯಚ್ಚಾಗಬೇಕೆಂದು ಹಟ ಹಿಡಿಯಬೇಕಾಗಿಲ್ಲ. ಅದನ್ನು ತಿಳಿದು ತಿನ್ನುವವರು ಬೇಕು. ತಿಳಿದವರಿಗಾಗಿ ಮಾಡುವವರು ಬೇಕು.

ಕೆಂಪೇಗೌಡರ ಮನೆತನದ ಮೂಲ ನೆಲೆಯಾದ ಯಲಹಂಕ, 1537ರಲ್ಲಿ ಕಟ್ಟಿದ ಬೆಂಗಳೂರಿಗಿಂತ ಹಿರಿದು. ಆ ಹಿರಿಯ ಊರಿನ ಸುತ್ತ ಈಗ ಗಗನಚುಂಬಿ ಮನೆಗಳು ಏಳುತ್ತಿವೆ. ಹಲವು ನಾಡಿನವರು ಬಾಡಿಗೆಗೆ ಬರುತ್ತಿದ್ದಾರೆ. ಅವರು ಕಚೇರಿಗೆ ಹೋಗಿಬರುವ ದಾರಿಹೋಕರಾಗಿಯೇ ಉಳಿಯುತ್ತಾರೆಯೇ, ಅವರ ಮಕ್ಕಳು ನಮ್ಮ ಮಕ್ಕಳೊಡನೆ ಆಡಿ ಬೆಳೆಯುತ್ತಾರೆಯೇ ಎಂಬುದರ ಮೇಲೆ ಅಲ್ಲಿನ ಊಟದ ಮನೆಗಳ ಗುಣ ನಿಂತಿದೆ. ಒಬ್ಬ ಜಪಾನೀ ತಾಯಿ ಹೆಬ್ಬಾಳದ ಅಂಗಡಿಯಲ್ಲಿ ಸೋರೆಕಾಯಿ ಕೊಳ್ಳುವಾಗ ಪಕ್ಕದ ಮನೆಯಾಕೆ ಅದರಿಂದ ಏನು ಮಾಡುವಿರೆಂದು ಕೇಳುವಂತಾದರೆ, ಒಳ್ಳೆಯ ಸುಶಿ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಗೆ ಆ ಬೀದಿಯಲ್ಲಿಯೇ ಉತ್ತರ ದೊರೆತೀತು.