ಕುದುರೆಗಳಲ್ಲಿ ವಿಷಜನ್ಯ ಮೂತ್ರಪಿಂಡ ಹಾನಿ

ಔಷಧ, ಲೋಹ, ಸಸ್ಯ ಅಥವಾ ಕೀಟದ ವಿಷದಿಂದ, ಇಲ್ಲವೇ ಕುದುರೆಯ ದೇಹದಲ್ಲೇ ಒಡೆದು ರಕ್ತಕ್ಕೆ ಸೇರಿದ ವರ್ಣದ್ರವ್ಯದಿಂದ ಮೂತ್ರಪಿಂಡದ ಜೀವಕೋಶಗಳು ಸಾಯುವ ಸ್ಥಿತಿ. ಇದಕ್ಕೆ ಕಾರಣವಾಗುವ ವಸ್ತುಗಳಲ್ಲಿ ಪಶುವೈದ್ಯರಿಗೆ ಹೆಚ್ಚಾಗಿ ಎದುರಾಗುವುದು ಚಿಕಿತ್ಸೆಗೆಂದೇ ಕೊಟ್ಟ ಔಷಧಗಳು. ಚೆನ್ನಾಗಿ ನೀರು ಕುಡಿಯುತ್ತಿರುವ ಕುದುರೆ ಸುಲಭವಾಗಿ ತಾಳಿಕೊಳ್ಳುವ ಔಷಧವೇ ಭೇದಿಯಿಂದಲೋ ಹೊಟ್ಟೆಶೂಲೆಯಿಂದಲೋ ಮೈಯ ನೀರು ಬತ್ತಿದ ಕುದುರೆಗೆ ಮುಳುವಾಗುತ್ತದೆ. ಆದ್ದರಿಂದ ಈ ರೋಗದಲ್ಲಿ ವಿಷದ ಪ್ರಮಾಣ ಎಷ್ಟು ಮುಖ್ಯವೋ ದೇಹದಲ್ಲಿರುವ ನೀರಿನ ಪ್ರಮಾಣವೂ ಅಷ್ಟೇ ಮುಖ್ಯ.

ಹೃದಯ ಹೊರದೂಡುವ ರಕ್ತದ ಸುಮಾರು ಐದನೆಯ ಒಂದು ಭಾಗ ಮೂತ್ರಪಿಂಡಗಳಿಗೆ ಹೋಗುವುದರಿಂದ ರಕ್ತದಲ್ಲಿರುವ ವಿಷವೂ ಅಲ್ಲಿಗೆ ಧಾರಾಳವಾಗಿ ತಲುಪುತ್ತದೆ. ಸೋಸಿದ ದ್ರವದಿಂದ ನೀರನ್ನು ಮರಳಿ ಹೀರಿಕೊಳ್ಳುವಾಗ ನಾಳಿಕೆಗಳೊಳಗೆ ಅದು ಇನ್ನಷ್ಟು ಸಾಂದ್ರವಾಗುತ್ತದೆ. ಮೂತ್ರಪಿಂಡದ ಹೊರಪದರಕ್ಕೆ ರಕ್ತ ಯಥೇಚ್ಛ; ಒಳಭಾಗಕ್ಕೆ ಸಿಗುವುದು ಅದರ ಸಣ್ಣ ಪಾಲು ಮಾತ್ರ. ಯಾವ ವಿಷ ಎಲ್ಲಿ ಹೊಡೆಯುತ್ತದೆ ಎಂಬುದು ಬಹುಮಟ್ಟಿಗೆ ಈ ವ್ಯತ್ಯಾಸದಿಂದಲೇ ತಿಳಿಯುತ್ತದೆ.

ಜೆಂಟಾಮೈಸಿನ್, ನಿಯೋಮೈಸಿನ್, ಅಮಿಕಾಸಿನ್ ಮೊದಲಾದ ಅಮೈನೋಗ್ಲೈಕೋಸೈಡ್ ಪ್ರತಿಜೈವಿಕಗಳ ಗುರಿ ಹೊರಪದರ. ಅಲ್ಲಿನ ನಾಳಿಕೆಗಳ ಕೋಶಗಳು ಔಷಧವನ್ನು ಒಳಗೆಳೆದು ಲೈಸೋಸೋಮ್‌ಗಳೆಂಬ ಪುಟ್ಟ ಚೀಲಗಳಲ್ಲಿ ಕೂಡಿಡುತ್ತವೆ. ಸಂಗ್ರಹ ಮಿತಿಮೀರಿದಾಗ ಕೋಶವೇ ಸಾಯುತ್ತದೆ. ಹಾನಿ ಮೊದಲ ಚುಚ್ಚುಮದ್ದಿಗೇ ಕಾಣುವುದು ಅಪರೂಪ, ಹಲವು ದಿನಗಳ ಚಿಕಿತ್ಸೆಯ ಬಳಿಕ ತಲೆದೋರುತ್ತದೆ. ಕೆಲವೊಮ್ಮೆ ಔಷಧ ನಿಲ್ಲಿಸಿದ ಮೇಲೆ ಗೊತ್ತಾಗುವುದೂ ಉಂಟು. ಕೋಶಗಳು ಒಮ್ಮೆಗೆ ಹೀರಬಲ್ಲ ಪ್ರಮಾಣಕ್ಕೆ ಮಿತಿಯಿರುವುದರಿಂದ ದಿನದ ಜೆಂಟಾಮೈಸಿನ್ ಅನ್ನು ಹಲವು ಸಲ ಹಂಚದೆ ಒಂದೇ ಬಾರಿಗೆ, ದೊಡ್ಡ ಕುದುರೆಗೆ ಕಿಲೋ ತೂಕಕ್ಕೆ ಸುಮಾರು 6.6 ಮಿ.ಗ್ರಾಂ.ನಂತೆ ಕೊಡುವ ಪದ್ಧತಿ ಬಂದಿದೆ. ನಡುವಿನ ಬಿಡುವಿನಲ್ಲಿ ರಕ್ತದ ಮಟ್ಟ ಚೆನ್ನಾಗಿ ಇಳಿಯುತ್ತದೆ. ಮೇವಿಗೂ ಇದರಲ್ಲಿ ಪಾತ್ರವಿದೆ. ಕ್ಯಾಲ್ಸಿಯಂ ಹೆಚ್ಚಿರುವ ಲೂಸರ್ನ್, ಅಂದರೆ ಕುದುರೆಮೆಂತೆ, ತಿಂದ ಕುದುರೆಗಳಲ್ಲಿ ಓಟ್ಸ್ ತಿಂದವುಗಳಿಗಿಂತ ಜೆಂಟಾಮೈಸಿನ್ ಹಾನಿ ಕಡಿಮೆಯಿದ್ದುದು ಪ್ರಯೋಗದಲ್ಲಿ ಕಂಡುಬಂದಿದೆ.

ಫಿನೈಲ್‌ಬ್ಯೂಟಜೋನ್, ಫ್ಲುನಿಕ್ಸಿನ್‌ನಂತಹ ನೋವುನಿವಾರಕಗಳ ದಾರಿ ಬೇರೆ. ಒಳಭಾಗದ ರಕ್ತನಾಳಗಳನ್ನು ಕಷ್ಟಕಾಲದಲ್ಲಿ ತೆರೆದಿಡುವುದು ಪ್ರೊಸ್ಟಗ್ಲಾಂಡಿನ್‌ಗಳು. ಈ ಔಷಧಗಳು ಅವುಗಳ ಉತ್ಪಾದನೆಯನ್ನೇ ತಡೆಯುತ್ತವೆ. ನೀರಿನ ಕೊರತೆಯಿಲ್ಲದ ಕುದುರೆಗೆ ಇದು ಅಷ್ಟಾಗಿ ತಟ್ಟದು. ಬಾಯಾರಿದ ಕುದುರೆಯಲ್ಲಿ ಒಳಭಾಗಕ್ಕೆ ರಕ್ತ ಸಾಲದೆ ಅಲ್ಲಿನ ಅಂಗಾಂಶ ಸಾಯುತ್ತದೆ. ಕುಂಟುವ ಕುದುರೆಯ ಸಂಕಟ ನೋಡಲಾರದೆ ಔಷಧದ ಪ್ರಮಾಣ ಏರಿಸುವುದು, ಎರಡು ನೋವುನಿವಾರಕಗಳನ್ನು ಒಟ್ಟಿಗೆ ಕೊಡುವುದು ಲಾಯಗಳಲ್ಲಿ ನಡೆಯುವ ಸಂಗತಿ, ತೀರ ಅಪಾಯಕಾರಿಯೂ ಹೌದು. ಜೊತೆಗೆ ಜೆಂಟಾಮೈಸಿನ್ ಕೂಡ ಸೇರಿದರೆ ಹೊರಪದರ, ಒಳಭಾಗ ಎರಡಕ್ಕೂ ಪೆಟ್ಟು.

ಇತರ ಔಷಧಗಳಲ್ಲಿ ಉಣ್ಣೆಗಳಿಂದ ಹರಡುವ ಬೆಬೀಸಿಯ ರೋಗಕ್ಕೆ ಬಳಸುವ ಇಮಿಡೋಕಾರ್ಬ್, ಸ್ನಾಯುರಜ್ಜು ಸೆಡೆತುಕೊಂಡ ಮರಿಗಳಿಗೆ ದೊಡ್ಡ ಪ್ರಮಾಣದಲ್ಲಿ ಕೊಡುವ ಆಕ್ಸಿಟೆಟ್ರಾಸೈಕ್ಲಿನ್, ಅತಿಯಾದ ಡಿ ಜೀವಸತ್ವ ಸೇರುತ್ತವೆ. ಓಡುವಾಗ ಶ್ವಾಸಕೋಶದಲ್ಲಿ ರಕ್ತಸ್ರಾವವಾಗುವ ಪಂದ್ಯದ ಕುದುರೆಗಳಿಗೆ ಕೆ3 ಜೀವಸತ್ವದ ಚುಚ್ಚುಮದ್ದು ಕೊಡುವ ರೂಢಿಯೊಂದಿತ್ತು. ಅದು ತೀವ್ರ ಮೂತ್ರಪಿಂಡ ವೈಫಲ್ಯ ತರುತ್ತದೆಂದು 1980ರ ದಶಕದಲ್ಲಿ ವರದಿಯಾಯಿತು. ಕಾಲಿನ ನೋವಿಗೆ ಹಚ್ಚುತ್ತಿದ್ದ ಪಾದರಸದ ಮುಲಾಮು ಚರ್ಮದ ಮೂಲಕವೋ ನೆಕ್ಕಿದಾಗಲೋ ಒಳಸೇರಿ ಇದೇ ಗತಿ ತಂದದ್ದುಂಟು. ಅಮೆರಿಕದಲ್ಲಿ ಒಣ ಲೂಸರ್ನ್ ಹುಲ್ಲಿನ ಕಟ್ಟುಗಳೊಳಗೆ ಸಿಕ್ಕಿ ಸತ್ತ ಬೊಕ್ಕೆಹುಳುಗಳು ದೊಡ್ಡ ಭೀತಿ. ಅವುಗಳಲ್ಲಿರುವ ಕ್ಯಾಂಥರಿಡಿನ್ ಹುಳು ಸತ್ತರೂ, ಹುಲ್ಲು ಒಣಗಿದರೂ ಶಕ್ತಿ ಕಳೆದುಕೊಳ್ಳದೆ ಬಾಯಿಯಿಂದ ಮೂತ್ರಕೋಶದವರೆಗೆ ಸುಡುತ್ತದೆ.

ದುಡಿಮೆಯಲ್ಲಿ ಸ್ನಾಯುಗಳು ಒಡೆದಾಗ ಬಿಡುಗಡೆಯಾಗುವ ಮಯೋಗ್ಲೋಬಿನ್ ಕೂಡ ವಿಷವಾಗಬಲ್ಲದು. ಆಗ ಮೂತ್ರ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಉತ್ತರ ಅಮೆರಿಕದ ಕೆಂಪು ಮೇಪಲ್ ಮರದ ಬಾಡಿದ ಎಲೆ ತಿಂದ ಕುದುರೆಗಳಲ್ಲಿ ಒಡೆಯುವುದು ಕೆಂಪು ರಕ್ತಕಣಗಳು; ಅವುಗಳ ವರ್ಣದ್ರವ್ಯವೂ ಹೀಗೆಯೇ ಮೂತ್ರಪಿಂಡಕ್ಕೆ ವಿಷವಾಗುತ್ತದೆ.

ಲಕ್ಷಣಗಳು ಅಸ್ಪಷ್ಟ. ಕುದುರೆ ಮಂಕಾಗುತ್ತದೆ, ಮೇವು ಬಿಡುತ್ತದೆ, ಮೂತ್ರ ಕಡಿಮೆಯಾಗಬಹುದು ಅಥವಾ ಅತಿಯಾಗಬಹುದು. ಆರೋಗ್ಯವಂತ ಕುದುರೆಯ ಮೂತ್ರವೇ ಲೋಳೆ ಹಾಗೂ ಕ್ಯಾಲ್ಸಿಯಂ ಕಾರ್ಬೊನೇಟ್ ಹರಳುಗಳಿಂದ ಮಬ್ಬಾಗಿರುತ್ತದೆ, ಹಾಗಾಗಿ ಅದು ನೀರಿನಂತೆ ತಿಳಿಯಾದರೆ ಅನುಮಾನಪಡಬೇಕು. ಮೂತ್ರಪಿಂಡಗಳು ಹೊರಹಾಕಬೇಕಾದ ತ್ಯಾಜ್ಯವಾದ ಕ್ರಿಯಾಟಿನಿನ್ ರಕ್ತದಲ್ಲಿ ಏರುವ ಹೊತ್ತಿಗೆ ನೆಫ್ರಾನ್‌ಗಳೆಂಬ ಸೋಸುವ ಘಟಕಗಳ ಸುಮಾರು ಮುಕ್ಕಾಲು ಭಾಗ ಕೆಲಸ ನಿಲ್ಲಿಸಿರುತ್ತದೆ. ಅದಕ್ಕೆ ಮೊದಲೇ ಸುಳಿವು ಕೊಡುವುದು ಮೂತ್ರ: ಅದರಲ್ಲಿ ಜಿಜಿಟಿ ಕಿಣ್ವ ಹೆಚ್ಚುತ್ತದೆ, ನಾಳಿಕೆಗಳಿಂದ ಕಳಚಿದ, ಅವುಗಳದೇ ಆಕಾರದ ಎರಕಗಳು ಕಾಣುತ್ತವೆ.

ಚಿಕಿತ್ಸೆಯ ಮೊದಲ ಹೆಜ್ಜೆ ಅಪಾಯಕಾರಿ ಔಷಧವನ್ನು ನಿಲ್ಲಿಸುವುದು, ಎರಡನೆಯದು ರಕ್ತನಾಳದ ಮೂಲಕ ದ್ರವ ಕೊಡುವುದು. ದ್ರವ ಕೊಟ್ಟರೂ ಮೂತ್ರ ಬಾರದಿದ್ದರೆ ಮೈಯಲ್ಲಿ ನೀರು ತುಂಬಿ ಊದಿಕೊಳ್ಳದಂತೆ ಎಚ್ಚರ ಬೇಕು; ಅಂಥ ಕುದುರೆಗಳ ಭವಿಷ್ಯ ಆಶಾದಾಯಕವಲ್ಲ. ನಾಳಿಕೆಗಳ ಆಧಾರಪೊರೆ ಉಳಿದಿದ್ದರೆ ಅದರ ಮೇಲೆ ಹೊಸ ಕೋಶಗಳು ಬೆಳೆದು ವಾರಗಳಲ್ಲಿ ಚೇತರಿಕೆ ಸಾಧ್ಯ. ಪೊರೆಯೇ ಹರಿದಿದ್ದರೆ ಗಾಯದ ನಾರು ತುಂಬಿ ರೋಗ ದೀರ್ಘಕಾಲೀನವಾಗುತ್ತದೆ. ಕುದುರೆ ಮೇವಿನ ಹೆಚ್ಚುವರಿ ಕ್ಯಾಲ್ಸಿಯಂ ಅನ್ನು ಮೂತ್ರಪಿಂಡಗಳ ಮೂಲಕವೇ ಹೊರಹಾಕುವ ಪ್ರಾಣಿ. ಅವು ಸೋತ ಮೇಲೆ ಕ್ಯಾಲ್ಸಿಯಂ ರಕ್ತದಲ್ಲೇ ಉಳಿಯುವುದರಿಂದ, ಜೆಂಟಾಮೈಸಿನ್‌ನಿಂದ ರಕ್ಷಣೆ ಕೊಟ್ಟ ಅದೇ ಕುದುರೆಮೆಂತೆಯನ್ನು ಈ ಹಂತದಲ್ಲಿ ಬಿಡಿಸಿ, ಸಾಮಾನ್ಯ ಹುಲ್ಲು ಮತ್ತು ಬೇಕಾದಷ್ಟು ನೀರು ಇಡಬೇಕಾಗುತ್ತದೆ.