ಯೋಗಿ ಕರಡಿಯ ಕಾಡಿನ ಹಿಂದೊಂದು ಕಾಡು

ತೊಂಬತ್ತರ ದಶಕದಲ್ಲಿ ಕೇಬಲ್ ಟಿವಿ ನೋಡಿ ಬೆಳೆದವರಿಗೆ ಯೋಗಿ ಕರಡಿಯ ಪರಿಚಯ ಮಾಡಿಸಬೇಕಿಲ್ಲ. ತಲೆಗೊಂದು ಹಸಿರು ಟೋಪಿ, ಕುತ್ತಿಗೆಗೆ ಕಾಲರ್ರು, ಟೈ. ಜೊತೆಗೆ ಬೂಬೂ. ದಿನಬೆಳಗಾದರೆ ಪ್ರವಾಸಿಗರ ಬುತ್ತಿ ಕದಿಯೋದೇ ಕೆಲಸ. ಹಿಂದೆ ಓಡಿಬರೋದಕ್ಕೆ ರೇಂಜರ್ ಸ್ಮಿತ್. ಇವೆಲ್ಲ ನಡೆಯೋದು ಜೆಲ್ಲಿಸ್ಟೋನ್ ಅನ್ನೋ ನ್ಯಾಷನಲ್ ಪಾರ್ಕಿನಲ್ಲಿ. ಯೋಗಿಯನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ, ಅವನ ಬೆನ್ನ ಹಿಂದಿದ್ದ ಆ ಪಾರ್ಕನ್ನು ಯಾರೂ ಸರಿಯಾಗಿ ನೋಡಿಲ್ಲ. ನನ್ನ ಹೊಟ್ಟೆಪಾಡೇ ಕಾರ್ಟೂನುಗಳ ಹಿಂದಿನ ಪರದೆ ಬಿಡಿಸೋದು. ಹಾಗಾಗಿ ನನ್ನ ಕಣ್ಣು ಮೊದಲು ಹೋಗೋದೇ ಅಲ್ಲಿಗೆ.

ಯೋಗಿ ಮೊದಲು ಕಾಣಿಸಿಕೊಂಡಿದ್ದು 1958ರಲ್ಲಿ, ಹಕಲ್‌ಬೆರಿ ಹೌಂಡ್ ಕಾರ್ಯಕ್ರಮದಲ್ಲಿ. ಟಾಮ್ ಅಂಡ್ ಜೆರ್ರಿ ಮಾಡಿದ್ದ ಹಾನಾ ಮತ್ತು ಬಾರ್ಬೆರಾ, ಅದನ್ನು ತಯಾರಿಸುತ್ತಿದ್ದ ಎಂಜಿಎಂ ವಿಭಾಗ 1957ರಲ್ಲಿ ಮುಚ್ಚಿದ ಮೇಲೆ ಟಿವಿಗೆ ಬಂದಿದ್ದರು. ಟಿವಿಯಲ್ಲಿ ದುಡ್ಡು ಕಡಿಮೆ, ಸಮಯ ಇನ್ನೂ ಕಡಿಮೆ. ಯೋಗಿಗೆ ಟೈ ಕಟ್ಟಿದ್ದು ಶೋಕಿಗಲ್ಲ ಸ್ವಾಮಿ, ಉಳಿತಾಯಕ್ಕೆ. ಕಾಲರ್ ಇದ್ದರೆ ಮೈಯನ್ನು ಹಾಗೇ ಬಿಟ್ಟು ತಲೆ ಮಾತ್ರ ಹೊಸದಾಗಿ ಬಿಡಿಸಬಹುದು. ಪರದೆಯದ್ದೂ ಅದೇ ಲೆಕ್ಕ. ಯೋಗಿ ಓಡಿದಂತೆಲ್ಲ ಅದೇ ಮರ, ಅದೇ ಬಂಡೆ ಮತ್ತೆ ಮತ್ತೆ ಹಾದುಹೋಗುತ್ತವೆ. ಉದ್ದನೆಯ ಒಂದೇ ಚಿತ್ರವನ್ನು ಎಳೆದೆಳೆದು ಬಳಸಿದ್ದಷ್ಟೇ. 1964ರಲ್ಲಿ ಇದೇ ಜೆಲ್ಲಿಸ್ಟೋನ್ ಚಿತ್ರಮಂದಿರಕ್ಕೂ ಬಂತು, ಆ ಕಂಪನಿಯ ಮೊದಲ ಪೂರ್ಣಾವಧಿ ಸಿನಿಮಾ ಆಗಿ.

ಹೆಸರೇ ಹೇಳುವಂತೆ ಇದು ಯೆಲ್ಲೋಸ್ಟೋನ್ ಪಾರ್ಕಿನ ನಕಲು. ಮೊದಲ ನಕಲೂ ಅಲ್ಲ. ಡಿಸ್ನಿಯವರು ಅದಕ್ಕೂ ಮುಂಚೆ ಬ್ರೌನ್‌ಸ್ಟೋನ್ ಅಂತ ಒಂದು ಪಾರ್ಕ್ ಕಟ್ಟಿ, ಅದರಲ್ಲಿ ಹಂಫ್ರಿ ಅನ್ನೋ ಕರಡಿಯನ್ನು ಬಿಟ್ಟಿದ್ದರು. 1956ರ ಒಂದು ಕಿರುಚಿತ್ರದಲ್ಲಿ ರೇಂಜರ್ ಸಾಹೇಬರು ಪ್ರವಾಸಿಗರು ಎಸೆದ ಕಸವನ್ನು ಕರಡಿಗಳ ಕೈಯಲ್ಲೇ ಎತ್ತಿಸುತ್ತಾರೆ. ಹಂಫ್ರಿ ಎಲ್ಲವನ್ನೂ ಬಿಸಿನೀರ ಬುಗ್ಗೆಯೊಳಗೆ ತುರುಕುತ್ತಾನೆ. ಬುಗ್ಗೆ ಚಿಮ್ಮಿ ಕಸವೆಲ್ಲ ಮತ್ತೆ ಹೊರಗೆ!

ನಗು ಬರುತ್ತೆ, ಆದರೆ ಇದು ಬರೀ ಕಲ್ಪನೆಯಲ್ಲ. ಯೆಲ್ಲೋಸ್ಟೋನಿನ ಮಾರ್ನಿಂಗ್ ಗ್ಲೋರಿ ಅನ್ನೋ ನೀಲಿ ಕೊಳಕ್ಕೆ ಜನ ದಶಕಗಟ್ಟಲೆ ಕೈಗೆ ಸಿಕ್ಕಿದ್ದನ್ನೆಲ್ಲ ಎಸೆದರು. 1950ರಲ್ಲಿ ಕೊಳವನ್ನು ಬೇಕೆಂದೇ ಚಿಮ್ಮಿಸಿ ಶುಚಿ ಮಾಡಿದಾಗ ಹೊರಬಿದ್ದದ್ದು ರಾಶಿ ಚಿಲ್ಲರೆ ಕಾಸು, ಕರವಸ್ತ್ರ, ಇನ್ನೂ ಏನೇನೋ. ಕಸ ಕಟ್ಟಿಕೊಂಡು ಬಿಸಿ ತಗ್ಗಿದ ಆ ಕೊಳದ ಅಂಚಿನಲ್ಲಿ ಇವತ್ತು ನೀಲಿಯ ಬದಲು ಹಳದಿ, ಕಿತ್ತಳೆ ಬಣ್ಣ.

ಬುತ್ತಿ ಕದಿಯೋ ಕರಡಿಯೂ ನಿಜವೇ. ಯೆಲ್ಲೋಸ್ಟೋನಿನಲ್ಲಿ ಒಂದು ಕಾಲಕ್ಕೆ ಹೋಟೆಲಿನ ಮುಸುರೆ ಸುರಿಯುವ ಜಾಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬೆಂಚು ಹಾಕಿದ್ದರು, ಸಂಜೆ ಕರಡಿಗಳು ತಿನ್ನೋದನ್ನು ಜನ ಕೂತು ನೋಡಲಿ ಅಂತ. 1940ರ ದಶಕದಲ್ಲಿ ಆ ಪ್ರದರ್ಶನ ನಿಂತರೂ ರಸ್ತೆ ಬದಿ ಭಿಕ್ಷೆ ನಿಲ್ಲಲಿಲ್ಲ. ಕಾರಿನ ಕಿಟಕಿ ಇಳಿಸಿ ಬಿಸ್ಕೆಟ್ ಕೊಡೋದು ಪ್ರವಾಸದ ಭಾಗವೇ ಆಗಿತ್ತು. 1931ರಿಂದ 1969ರವರೆಗೆ ವರ್ಷಕ್ಕೆ ಸರಾಸರಿ 48 ಮಂದಿ ಕರಡಿಗಳಿಂದ ಗಾಯಗೊಂಡರು. ಕೊನೆಗೆ 1970ರ ಸುಮಾರಿಗೆ ಪಾರ್ಕಿನವರು ತಿಪ್ಪೆಗಳನ್ನು ಒಮ್ಮೆಲೇ ಮುಚ್ಚಲು ಹೊರಟರು. ಕರಡಿಗಳನ್ನು 1959ರಿಂದ ಅಧ್ಯಯನ ಮಾಡುತ್ತಿದ್ದ ಕ್ರೇಗ್‌ಹೆಡ್ ಸಹೋದರರು, ನಿಧಾನವಾಗಿ ಮುಚ್ಚಿ ಅಂತ ಹೇಳಿದ್ದು ಕಿವಿಗೆ ಬೀಳಲಿಲ್ಲ. ಮುಸುರೆಗೆ ಒಗ್ಗಿದ್ದ ಗ್ರಿಜ್ಲಿಗಳು ಕ್ಯಾಂಪುಗಳಿಗೆ ನುಗ್ಗಿದವು. ನುಗ್ಗಿದವುಗಳಲ್ಲಿ ಎಷ್ಟೋ ಸತ್ತವು. 1975ರಲ್ಲಿ ಗ್ರಿಜ್ಲಿ ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿ ಸೇರಿತು. ಟಿವಿಯಲ್ಲಿ ಯೋಗಿ ಮಾತ್ರ ಆರಾಮಾಗಿ ಕದಿಯುತ್ತಲೇ ಇದ್ದ.

ಇನ್ನು ಪರದೆಯ ಮಾತು. ಜೆಲ್ಲಿಸ್ಟೋನಿನಲ್ಲಿ ಮೂರೇ ಜಾತಿ: ಪ್ರಾಣಿ, ರೇಂಜರ್, ಪ್ರವಾಸಿ. ಪ್ರಾಣಿ ಅಲ್ಲೇ ಇರೋದು, ರೇಂಜರ್ ಸಂಬಳಕ್ಕೆ ಬಂದವನು, ಪ್ರವಾಸಿ ಭಾನುವಾರ ಬಂದು ಹೋಗೋನು. ಅಲ್ಲೇ ಹುಟ್ಟಿ ಬೆಳೆದ ಮನುಷ್ಯ ಒಬ್ಬನೂ ಇಲ್ಲ. ಇದು ಕಾರ್ಟೂನಿನವರ ತಪ್ಪು ಅನ್ನೋ ಹಾಗಿಲ್ಲ. ಅವರು ಕಂಡ ಯೆಲ್ಲೋಸ್ಟೋನೇ ಹಾಗಿತ್ತು. ಆದರೆ ಅದನ್ನು ಹಾಗೆ ಮಾಡಿದ್ದರು.

1871ರಲ್ಲಿ ಹೇಡನ್ ಎಂಬ ಭೂವಿಜ್ಞಾನಿಯ ಸರ್ವೆ ತಂಡದ ಜೊತೆ ಹೋದ ಥಾಮಸ್ ಮೊರಾನ್ ಜಲವರ್ಣಗಳನ್ನು, ವಿಲಿಯಂ ಹೆನ್ರಿ ಜಾಕ್ಸನ್ ಫೋಟೋಗಳನ್ನು ತಂದರು. ಆ ಚಿತ್ರಗಳನ್ನು ಅಮೆರಿಕದ ಸಂಸತ್ತಿಗೆ ತೋರಿಸಿದರು. 1872ರ ಮಾರ್ಚ್ 1ರಂದು ಪಾರ್ಕ್ ಹುಟ್ಟಿತು. ಅಂದರೆ ಜಗತ್ತಿನ ಮೊದಲ ನ್ಯಾಷನಲ್ ಪಾರ್ಕ್ ಹುಟ್ಟುವಲ್ಲೂ ಚಿತ್ರ ಬಿಡಿಸುವವನ ಕೈಯಿತ್ತು. ಆದರೆ ಅಲ್ಲಿ ಜನ ಹತ್ತು ಸಾವಿರ ವರ್ಷಕ್ಕೂ ಮುಂಚಿನಿಂದ ಓಡಾಡಿಕೊಂಡಿದ್ದರು. ಅಲ್ಲಿನ ಕಪ್ಪು ಗಾಜುಗಲ್ಲು ದೂರದ ಒಹಾಯೋವರೆಗೂ ಹೋಗಿದೆ. ಬೆಟ್ಟದ ಕುರಿ ಬೇಟೆಯಾಡುವ ಶೊಶೋನಿ ಗುಂಪೊಂದು ಅಲ್ಲೇ ವಾಸವಾಗಿತ್ತು. 1877ರಲ್ಲಿ ಸೈನ್ಯದಿಂದ ತಪ್ಪಿಸಿಕೊಂಡು ಓಡುತ್ತಿದ್ದ ನೆಜ್ ಪರ್ಸ್ ಜನ ಪಾರ್ಕಿನೊಳಗೇ ಹಾದು, ಪ್ರವಾಸಿಗರಿಗೆ ಎದುರಾದರು. ಅದಾದ ಮೇಲೆ ಮೇಲ್ವಿಚಾರಕ ನಾರಿಸ್ ಬುಡಕಟ್ಟಿನವರನ್ನು ಹೊರಗಿಡಲು ಒತ್ತಾಯಿಸಿದ. ಬುಗ್ಗೆಗಳಿಗೆ ಹೆದರಿ ಅವರು ಇತ್ತ ಬರೋದೇ ಇಲ್ಲ ಅನ್ನೋ ಕಥೆಯನ್ನೂ ಹಬ್ಬಿಸಿದ. ಪ್ರವಾಸಿಗರ ಧೈರ್ಯಕ್ಕೆ ಅಂತ ಹೇಳಿದ ಸುಳ್ಳು ಬಹಳ ಕಾಲ ಇತಿಹಾಸವಾಗಿ ಉಳಿಯಿತು.

ನಮ್ಮ ವನ್ಯಜೀವಿ ಕಾಯ್ದೆ ಬಂದಿದ್ದು 1972ರಲ್ಲಿ, ಸರಿಯಾಗಿ ನೂರು ವರ್ಷಕ್ಕೆ. ನ್ಯಾಷನಲ್ ಪಾರ್ಕ್ ಅನ್ನೋ ಆ ಕಲ್ಪನೆ ನಾಗರಹೊಳೆಗೂ ಬಂತು, ಜೇನುಕುರುಬರು ಹಾಡಿ ಬಿಟ್ಟು ಹೊರಡಬೇಕಾಯಿತು. 2025ರ ಮೇ ತಿಂಗಳಲ್ಲಿ ಐವತ್ತರಷ್ಟು ಕುಟುಂಬಗಳು ತಮ್ಮ ಹಳೇ ಜಾಗಕ್ಕೆ ವಾಪಸ್ ಬಂದು ನಿಂತವು. ಆ ಜಾಗದ ಹೆಸರು ಕೇಳಿ: ಕರಡಿಕಲ್ಲು. ಜೆಲ್ಲಿಸ್ಟೋನಿಗೆ ಇದಕ್ಕಿಂತ ಒಳ್ಳೆ ಕನ್ನಡ ಹೆಸರು ನನಗಂತೂ ಹೊಳೆಯೋದಿಲ್ಲ.

ಹುಲಿ ಉಳಿಯಲಿ, ಕರಡಿ ಉಳಿಯಲಿ, ಅದರಲ್ಲಿ ಎರಡು ಮಾತಿಲ್ಲ. ಯೆಲ್ಲೋಸ್ಟೋನಿನಲ್ಲಿ ಗ್ರಿಜ್ಲಿಗಳು ಮತ್ತೆ ಹೆಚ್ಚಿದ್ದು ಆ ಕಾನೂನಿನ ಕಾವಲಿನಿಂದಲೇ. ನನ್ನ ತಕರಾರು ಪರದೆಯ ಬಗ್ಗೆ ಮಾತ್ರ. ಸದ್ಯ ನನ್ನ ಮೇಜಿನ ಮೇಲೊಂದು ಮಕ್ಕಳ ಸಿನಿಮಾದ ಕೆಲಸವಿದೆ, ಪಶ್ಚಿಮಘಟ್ಟದ ಒಂದು ಕಾಲ್ಪನಿಕ ಪಾರ್ಕು. ಕೊಟ್ಟ ಪಟ್ಟಿಯಲ್ಲಿ ಗೇಟು, ಜೀಪು, ವಾಚ್‌ಟವರ್, ಆನೆ, ಜಲಪಾತ ಎಲ್ಲ ಇದೆ. ನಾನು ಮೂಲೆಯಲ್ಲೊಂದು ಹಾಡಿ ಸೇರಿಸಿ ಕಳಿಸಿದ್ದೀನಿ. ನಾಲ್ಕು ಗುಡಿಸಲು, ಒಲೆ ಹೊಗೆ, ಅಂಗಳದಲ್ಲಿ ಒಂದು ಮಗು. 'ಇದು ಕಥೆಗೆ ಬೇಕಾ?' ಅಂತ ಉತ್ತರ ಬಂದಿದೆ. ಕಥೆಗೆ ಬೇಕಿಲ್ಲದಿರಬಹುದು, ಕಾಡಿಗೆ ಬೇಕು ಅಂತ ಬರೆದಿದ್ದೀನಿ.